ಕಂಟೇನರ್‌ಗೆ ಹಾಕಿದ್ಮೇಲೆ ಆ್ಯಪ್ ನಡುನಡುವೆ ನಿಲ್ತಿದೆ, ಗ್ರಾಫಲ್ಲಿ ಮಾತ್ರ ಎಲ್ಲಾ ಸರಿ ಇದೆ

ಹರಿವುಗಾರ
ಎಲ್ರಿಗೂ ನಮಸ್ಕಾರ. ಒಂದು ಸರ್ವಿಸ್ ವಿಷ್ಯದಲ್ಲಿ ತಲೆ ಕೆಟ್ಟೋಗಿದೆ, ಗೊತ್ತಿರೋರು ದಾರಿ ತೋರ್ಸಿ. ಗೋ ಭಾಷೇಲಿ ಬರ್ದಿರೋದು, ಬಿಲ್ ಲೆಕ್ಕ ಹಾಕಿ ಪಿಡಿಎಫ್ ಮಾಡಿ ಕೊಡೋ ಕೆಲಸ. ಇಷ್ಟು ದಿನ ಎಂಟು ಕೋರಿನ ವರ್ಚುವಲ್ ಮಷೀನ್ ಮೇಲೆ ನೇರವಾಗಿ ಓಡ್ತಿತ್ತು, ಈಗ ಕಂಟೇನರ್ (ಆ್ಯಪ್ ಮತ್ತೆ ಅದಕ್ಕೆ ಬೇಕಾದ್ದೆಲ್ಲಾ ಇರೋ ಒಂದೇ ಡಬ್ಬಿ) ಮಾಡಿ, ಅಂಥ ಡಬ್ಬಿಗಳನ್ನ ಓಡ್ಸೋ ಕ್ಯೂಬರ್ನೆಟಿಸ್ ಮೇಲೆ ಹಾಕಿದೀವಿ. ಕೋಡ್ ಒಂದಕ್ಷರ ಬದಲಾಗಿಲ್ಲ, ಡೇಟಾಬೇಸ್ ಅದೇ, ಟ್ರಾಫಿಕ್ ಅಷ್ಟೇ. ಆದ್ರೆ ಹೆಚ್ಚಿನ ರಿಕ್ವೆಸ್ಟ್‌ಗಳು 30 ಮಿಲಿಸೆಕೆಂಡಲ್ಲಿ ಮುಗಿದ್ರೂ ನಡುನಡುವೆ ಕೆಲವು ಮಾತ್ರ 125, 220, 310 ಹೀಗೆ ಎಳೀತವೆ. ಸಿಪಿಯು ಗ್ರಾಫ್ ಶೇ 40 ದಾಟಲ್ಲ, ಮೆಮೊರಿ ಅರ್ಧನೂ ತುಂಬಿಲ್ಲ, ಎರರ್ ಲಾಗ್ ಖಾಲಿ. ಇನ್‌ಫ್ರಾ ಟೀಮಿನವ್ರು ಅದೇ ಗ್ರಾಫ್ ತೋರ್ಸಿ "ನಿಮ್ ಆ್ಯಪ್‌ದೇ ತೊಂದ್ರೆ" ಅಂತಾರೆ, ನಾವು "ಹಳೇ ಮಷೀನಲ್ಲಿ ಸರಿ ಇತ್ತಲ್ಲ" ಅಂತೀವಿ, ಮಾತು ಅಲ್ಲೇ ನಿಂತಿದೆ. ಎಲ್ಲಿಂದ ಶುರು ಮಾಡ್ಲಿ?

ಗುಬ್ಬಿಕೋಡ್
ಪಾಡ್ (ಕ್ಯೂಬರ್ನೆಟಿಸಲ್ಲಿ ಕಂಟೇನರ್ ಕೂರೋ ಘಟಕ) ರೀಸ್ಟಾರ್ಟ್ ಮಾಡಿ ನೋಡಿದ್ರಾ?

ಲಾಗ್_ಓದುಗಿ
@ಗುಬ್ಬಿಕೋಡ್ ದಯವಿಟ್ಟು ಬೇಡ. ಪಾಡ್ ಕೊಂದ್ರೆ ಅದರ ಜೊತೆ ಸಾಕ್ಷಿನೂ ಹೋಗತ್ತೆ. ಕಂಟೇನರ್ ಒಳಗೆ ಬರ್ದಿರೋ ಟೆಂಪ್ ಫೈಲು, ಡಂಪು ಎಲ್ಲಾ ಮೇಲಿನ ಪದರದಲ್ಲಿ ಇರೋದು, ಕಂಟೇನರ್ ಅಳಿಸಿದ ಕೂಡ್ಲೇ ಆ ಪದರನೂ ಮಾಯ. ಮೊದ್ಲು ಇರೋ ಸ್ಥಿತೀಲೇ ಒಳಗೆ ಹೋಗಿ ನೋಡ್ಬೇಕು, ಬೇಕಾದ್ದನ್ನ ಹೊರಗೆ ಕಾಪಿ ಮಾಡ್ಕೋಬೇಕು, ಆಮೇಲೆ ರೀಸ್ಟಾರ್ಟು. ಬರೀ ಡಾಕರ್ (ಒಂದು ಮಷೀನಲ್ಲಿ ಕಂಟೇನರ್ ಓಡ್ಸೋ ಟೂಲ್) ಆದ್ರೆ "ಡಾಕರ್ ಡಿಫ್" ಅಂತ ಒಂದು ಕಮಾಂಡ್ ಇದೆ, ಇಮೇಜಿಗೆ (ಕಂಟೇನರ್ ಹುಟ್ಟೋ ಮೂಲ ಅಚ್ಚು) ಹೋಲಿಸಿದ್ರೆ ಯಾವ್ಯಾವ ಫೈಲ್ ಬದಲಾಗಿದೆ ಅಂತ ಪಟ್ಟಿ ಕೊಡತ್ತೆ. ತುಂಬಾ ಜನಕ್ಕೆ ಅದು ಇರೋದೇ ಗೊತ್ತಿಲ್ಲ.

ಹರಿವುಗಾರ ಅವ್ರೇ, ನಿಧಾನ ಆದ ಒಂದು ರಿಕ್ವೆಸ್ಟಿನ ಲಾಗ್ ಟೈಮ್‌ಸ್ಟ್ಯಾಂಪ್ ಸಮೇತ ಹಾಕ್ತೀರಾ? ಎಲ್ಲಿ ನಿಲ್ತಿದೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಆಯ್ತು.

ಬೇರುಮಟ್ಟ
ಕೆಳಗಿರೋ ನೋಡ್ (ಪಾಡ್ ಓಡೋ ಮಷೀನ್) ವರ್ಚುವಲ್ ಮಷೀನಾ ಅಥ್ವಾ ಖಾಲಿ ಹಾರ್ಡ್‌ವೇರಾ? ವರ್ಚುವಲ್ ಆದ್ರೆ ಟಾಪ್ ಕಮಾಂಡಲ್ಲಿ "ಎಸ್‌ಟಿ" ಅನ್ನೋ ಕಾಲಂ ನೋಡಿ. ಸ್ಟೀಲ್ ಟೈಮ್ ಅದು. ನಮ್ ಮಷೀನ್ ಸಿಪಿಯು ಕೇಳ್ತಿದೆ, ಆದ್ರೆ ಹೈಪರ್‌ವೈಸರ್ (ವರ್ಚುವಲ್ ಮಷೀನುಗಳಿಗೆ ಹಾರ್ಡ್‌ವೇರ್ ಹಂಚೋ ಸಾಫ್ಟ್‌ವೇರ್) ಅದನ್ನ ಪಕ್ಕದೋರಿಗೆ ಕೊಟ್ಟಿದೆ ಅಂತ ಅರ್ಥ. ಅದು ಸೊನ್ನೆ ಹತ್ರ ಇದ್ರೆ ಆ ದಾರಿ ಮುಚ್ಚಿ ಮುಂದೆ ಹೋಗ್ಬಹುದು.

ಹರಿವುಗಾರ
ನೋಡ್ ಖಾಲಿ ಹಾರ್ಡ್‌ವೇರೇ, 32 ಕೋರ್. ಸ್ಟೀಲ್ ಸೊನ್ನೆ. ಲಾಗ್ ಇಲ್ಲಿದೆ, ನಿಧಾನ ಆದ ಒಂದು ರಿಕ್ವೆಸ್ಟ್:

11:42:07.318 ಸಾಲುಗಳು ಬಂದವು
11:42:07.321 ತೆರಿಗೆ ಲೆಕ್ಕ ಶುರು
11:42:07.415 ತೆರಿಗೆ ಲೆಕ್ಕ ಮುಗೀತು
11:42:07.431 ಪಿಡಿಎಫ್ ಮುಗೀತು

ತೆರಿಗೆ ಲೆಕ್ಕ ಅಂದ್ರೆ ಬರೀ ಕೂಡೋದು ಗುಣಿಸೋದು, ಅಲ್ಲಿ ನೆಟ್‌ವರ್ಕ್ ಇಲ್ಲ, ಡಿಸ್ಕ್ ಇಲ್ಲ, ಲಾಕ್ ಕೂಡ ಇಲ್ಲ. ಮಾಮೂಲಾಗಿ ಒಂದು ಮಿಲಿಸೆಕೆಂಡೂ ಹಿಡಿಯಲ್ಲ. ಇಲ್ಲಿ 94 ಹಿಡಿದಿದೆ. ಬೇರೆ ರಿಕ್ವೆಸ್ಟಲ್ಲಿ ಇದೇ ಅಂತರ ಬೇರೆ ಜಾಗದಲ್ಲಿ ಬರತ್ತೆ, ಒಂದ್ಸಲ ಪಿಡಿಎಫ್ ಮಧ್ಯದಲ್ಲಿ, ಒಂದ್ಸಲ ಜೇಸನ್ ಓದೋ ಕಡೆ.

ಹಳೆಕರ್ನಲ್
ನೋಡ್ರಿ ಸರ್, ಇದರಾಗ ಉತ್ತರ ಐತಿ. ಏನೂ ಕಾಯೋ ಕೆಲಸ ಇಲ್ಲದ ಜಾಗದಾಗ ಆ್ಯಪ್ 94 ಮಿಲಿಸೆಕೆಂಡ್ ನಿಂತೈತಿ ಅಂದ್ರ ಆ್ಯಪ್ ತಾನಾಗಿ ನಿಂತಿಲ್ಲ, ಅದನ್ನ ಯಾರೋ ನಿಲ್ಲಿಸ್ಯಾರ. ನೀವು ಮೊದಲು ಬರದ ಅಂಕಿನೂ ನೋಡ್ರಿ, 30, 125, 220, 310. ಎಲ್ಲಾ ತೊಂಬತ್ತು ಚಿಲ್ಲರೆ ಅಂತರದ ಮೆಟ್ಟಿಲು. ಸಿಪಿಯು ಲಿಮಿಟ್ ಎಷ್ಟ ಹಾಕೀರಿ?

ಹರಿವುಗಾರ
2 ಸಿಪಿಯು. ಶೇ 40 ಅಂದಿದ್ದು ಆ ಎರಡರಲ್ಲಿ ಶೇ 40.

ಹಳೆಕರ್ನಲ್
ಹಂಗಾರ ಒಳಗ ಹೋಗಿ ಎರಡು ಫೈಲ್ ಓದ್ರಿ. ಸಿಸ್ ಡೈರೆಕ್ಟರಿ, ಅದರಾಗ ಎಫ್‌ಎಸ್, ಅದರಾಗ ಸಿಗ್ರೂಪ್ (ಯಾವ ಪ್ರೊಸೆಸ್ಸಿಗೆ ಎಷ್ಟ ಸಿಪಿಯು, ಮೆಮೊರಿ ಅಂತ ಲಿನಕ್ಸಿನ ತಿರುಳಾದ ಕರ್ನಲ್ ಮಿತಿ ಇಡೋ ವ್ಯವಸ್ಥೆ). ಅಲ್ಲಿ ಸಿಪಿಯು ಡಾಟ್ ಮ್ಯಾಕ್ಸ್ ಅಂತ ಒಂದು, ಸಿಪಿಯು ಡಾಟ್ ಸ್ಟ್ಯಾಟ್ ಅಂತ ಒಂದು. ಸಿಗ್ರೂಪ್ ಎರಡನೇ ಆವೃತ್ತಿ ಇದ್ರ ಈ ಹೆಸರು. ಹಳೇ ಒಂದನೇ ಆವೃತ್ತಿ ಇದ್ರ ಸಿಪಿಯು ಅಂತ ಬ್ಯಾರೆ ಫೋಲ್ಡರ್ ಇರತೈತಿ, ಕೋಟಾ ಮತ್ತ ಪೀರಿಯಡ್ ಬ್ಯಾರೆ ಬ್ಯಾರೆ ಫೈಲ್‌ನ್ಯಾಗ ಇರತಾವ. ಎರಡರಾಗಿನ ಅಂಕಿ ಇಲ್ಲಿ ಹಾಕ್ರಿ.

ಚಿಕ್ಕಇಮೇಜ್
ಒಳಗೆ ಹೋಗಿ ಅಂದ್ರೆ ಹೆಂಗೆ ಹೋಗೋದು, ಶೆಲ್ಲೇ (ಕಮಾಂಡ್ ಟೈಪ್ ಮಾಡೋ ಪ್ರೋಗ್ರಾಂ) ಇಲ್ದಿರೋ ಇಮೇಜ್ ಆದ್ರೆ? ನಮ್ಮಲ್ಲಿ ಎಲ್ಲಾ ಡಿಸ್ಟ್ರೋಲೆಸ್, ಅಂದ್ರೆ ಶೆಲ್ಲು ಟೂಲು ಏನೂ ಇಲ್ಲದ ಇಮೇಜು. ಎಕ್ಸೆಕ್ (ಓಡ್ತಿರೋ ಕಂಟೇನರ್ ಒಳಗೆ ಕಮಾಂಡ್ ಓಡ್ಸೋದು) ಹೊಡೆದ್ರೆ ಶೆಲ್ ಸಿಗ್ಲಿಲ್ಲ ಅಂತ ವಾಪಸ್ ಬರತ್ತೆ.

ಬೇರುಮಟ್ಟ
ಕ್ಯೂಬರ್ನೆಟಿಸಲ್ಲಿ "ಕ್ಯೂಬ್‌ಸಿಟಿಎಲ್ ಡೀಬಗ್" ಇದೆ. ಓಡ್ತಿರೋ ಪಾಡಿಗೆ ಟೂಲ್ ತುಂಬಿದ ಇನ್ನೊಂದು ತಾತ್ಕಾಲಿಕ ಕಂಟೇನರ್ ಅಂಟಿಸತ್ತೆ. 1.25ನೇ ಆವೃತ್ತಿಯಿಂದ ಅದು ಸ್ಥಿರ ಫೀಚರ್. ಟಾರ್ಗೆಟ್ ಅನ್ನೋ ಆಯ್ಕೆ ಕೊಟ್ಟು ನಿಮ್ ಆ್ಯಪ್ ಕಂಟೇನರ್ ಹೆಸರು ಹಾಕಿದ್ರೆ ಅದರ ಪ್ರೊಸೆಸ್ಸುಗಳೂ ಕಾಣ್ತವೆ, ಇಲ್ಲಾಂದ್ರೆ ಕಾಣಲ್ಲ, ಅದನ್ನ ಮರೆತು "ಏನೂ ಕಾಣ್ತಿಲ್ಲ" ಅನ್ನೋರು ಬಹಳ. ಆ್ಯಪಿನ ಫೈಲುಗಳು ಬೇಕಾದ್ರೆ ಪ್ರಾಕ್ ಡೈರೆಕ್ಟರೀಲಿ ಆ ಪ್ರೊಸೆಸ್ ನಂಬರ್, ಅದರ ಕೆಳಗೆ ರೂಟ್. ಅಲ್ಲಿಂದ ಆ್ಯಪ್ ಕಣ್ಣಿಗೆ ಕಾಣೋ ಫೈಲ್ ಸಿಸ್ಟಮ್ ಇಡೀ ತೆರ್ಕೊಳತ್ತೆ.

ಹೋಸ್ಟ್ ಮೇಲೆ ರೂಟ್ ಅಕ್ಸೆಸ್ ಇದ್ರೆ ಇನ್ನೂ ಸುಲಭ, ಎನ್‌ಎಸ್‌ಎಂಟರ್. ಪ್ರೊಸೆಸ್ ನಂಬರ್ ಕೊಟ್ಟು ಬರೀ ನೆಟ್‌ವರ್ಕ್ ನೇಮ್‌ಸ್ಪೇಸಿಗೆ (ಕಂಟೇನರಿಗೆ ಕಾಣೋ ಪ್ರತ್ಯೇಕ ನೆಟ್‌ವರ್ಕ್) ಮಾತ್ರ ಹೋಗ್ಬಹುದು, ಆಗ ಹೋಸ್ಟಿನ ಟಿಸಿಪಿಡಂಪ್ (ಪ್ಯಾಕೆಟ್ ನೋಡೋ ಟೂಲ್) ಇಟ್ಕೊಂಡು ಕಂಟೇನರಿನ ಇಂಟರ್‌ಫೇಸ್ ನೋಡ್ಬಹುದು. ಇಮೇಜಿಗೆ ಒಂದೂ ಟೂಲ್ ಹಾಕ್ಬೇಕಿಲ್ಲ.

ಗುಬ್ಬಿಕೋಡ್
ಇಷ್ಟೆಲ್ಲಾ ಸರ್ಕಸ್ ಯಾಕೆ, ಇಮೇಜಲ್ಲೇ ಕರ್ಲ್, ಸ್ಟ್ರೇಸ್, ಪಿಂಗ್ ಹಾಕಿಟ್ರೆ ಆಯ್ತಲ್ಲ? ಹತ್ತಿಪ್ಪತ್ತು ಎಂಬಿ ಜಾಸ್ತಿ ಆಗತ್ತೆ ಅಷ್ಟೇ.

ಚಿಕ್ಕಇಮೇಜ್
ಎಂಬಿ ಪ್ರಶ್ನೆ ಅಲ್ಲ ಗುರು. ಒಳಗೆ ನುಗ್ಗಿದೋನಿಗೂ ಅದೇ ಕರ್ಲ್ ಸಿಗತ್ತೆ. ಆಮೇಲೆ ಸೆಕ್ಯುರಿಟಿ ಸ್ಕ್ಯಾನ್‌ಲ್ಲಿ ನಾವು ಬಳಸದೇ ಇರೋ ಟೂಲಿನ ದೋಷಕ್ಕೆ ನಾವು ಉತ್ತರ ಕೊಡ್ತಾ ಕೂತ್ಕೋಬೇಕು.

ಗುಬ್ಬಿಕೋಡ್
ರಾತ್ರಿ ಎರಡು ಗಂಟೆಗೆ ಸರ್ವಿಸ್ ಬಿದ್ದಾಗ ನೋಡೋಕೆ ಒಂದು ಎಲ್‌ಎಸ್ ಕಮಾಂಡೂ ಇಲ್ಲ ಅಂದ್ರೆ ಆ ಭದ್ರತೆಯಿಂದ ಯಾರಿಗೆ ಲಾಭ? ಡೀಬಗ್ ಕಂಟೇನರ್ ಎಲ್ಲರ ಕ್ಲಸ್ಟರಲ್ಲೂ ಬಿಡಲ್ಲ, ಪರ್ಮಿಷನ್ ಕೇಳಿ ಟಿಕೆಟ್ ಹಾಕಿ ಕಾಯ್ಬೇಕು.

ಲಾಗ್_ಓದುಗಿ
ಆ ಪರ್ಮಿಷನ್ನನ್ನ ಮೊದಲೇ ತಗೊಂಡು, ಒಂದ್ಸಲ ಓಡಿಸಿ ನೋಡಿ ಇಟ್ಕೋಬೇಕು. ಇಮೇಜ್ ದಪ್ಪ ಮಾಡೋದು ಅದಕ್ಕೆ ಪರಿಹಾರ ಅಲ್ಲ. ಈ ಜಗಳಕ್ಕೆ ಬೇರೆ ಎಳೆ ತೆಗೀರಿ, ಪಾಪ ಅವ್ರ ಪ್ರಶ್ನೆ ಮುಳುಗೋಗ್ತಿದೆ.

ಹರಿವುಗಾರ
ಸಿಕ್ತು. ಮ್ಯಾಕ್ಸ್ ಫೈಲಲ್ಲಿ 200000 100000 ಅಂತ ಇದೆ. ಸ್ಟ್ಯಾಟ್‌ಲ್ಲಿ ಪೀರಿಯಡ್ಸ್ 84210, ಥ್ರಾಟಲ್ಡ್ 21347. ಇದು ಎರರ್ರಾ?

ಹಳೆಕರ್ನಲ್
ಎರರ್ ಅಲ್ರಿ, ಕರ್ನಲ್ ನೀವು ಹೇಳಿದ್ದನ್ನ ಅಚ್ಚುಕಟ್ಟಾಗಿ ಮಾಡೈತಿ. ಆ ಎರಡು ಅಂಕಿ ಮೈಕ್ರೋಸೆಕೆಂಡ್‌ನ್ಯಾಗ. ಪ್ರತಿ 100 ಮಿಲಿಸೆಕೆಂಡಿಗೆ ಒಟ್ಟು 200 ಮಿಲಿಸೆಕೆಂಡ್ ಸಿಪಿಯು ಸಮಯ ಬಳಸ್ರಿ, ಅದು ಮುಗದ್ರ ಮುಂದಿನ ಪೀರಿಯಡ್ ಬರೋ ತನಕ ಎಲ್ಲಾ ಥ್ರೆಡ್ (ಆ್ಯಪ್ ಒಳಗ ಒಟ್ಟೊಟ್ಟಿಗೆ ಓಡೋ ಕೆಲಸದ ಎಳಿ) ನಿಲ್ಲಬೇಕು ಅಂತ ಅರ್ಥ. ಸಿಎಫ್‌ಎಸ್ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಅಂತಾರ, ಲಿನಕ್ಸ್ 3.2ರಾಗ ಬಂತು. ನಿಮ್ಮ ಸ್ಟ್ಯಾಟ್ ಪ್ರಕಾರ ನಾಲ್ಕರಾಗ ಒಂದು ಪೀರಿಯಡ್ ಹಿಂಗ ನಿಂತೈತಿ, ಅದಕ್ಕ ಥ್ರಾಟಲ್ ಅಂತಾರ.

ಈಗ ಲೆಕ್ಕ ಹಾಕ್ರಿ. ಎರಡು ಥ್ರೆಡ್ ಓಡಿದ್ರ 200 ಮಿಲಿಸೆಕೆಂಡ್ ಪೂರ್ತಿ 100ಕ್ಕ ಸಾಲತೈತಿ. ಆದ್ರ ನೋಡ್‌ನ್ಯಾಗ 32 ಕೋರ್ ಅದಾವ. ನಿಮ್ಮ ಆ್ಯಪ್ 32 ಥ್ರೆಡ್ ಒಮ್ಮೆಗೇ ಬಿಟ್ರ ಒಂದೇ ಬಕೆಟ್ಟಿಗೆ 32 ಚೊಂಬು ಬಿದ್ದಂಗ, 200ನ್ನ 32ರಿಂದ ಭಾಗಿಸ್ರಿ, 6.25 ಮಿಲಿಸೆಕೆಂಡಿಗೆ ಕೋಟಾ ಖಾಲಿ. ಉಳಿದ 93.75 ಮಿಲಿಸೆಕೆಂಡ್ ಸುಮ್ಮನ ಕುಂದರಬೇಕು. ನಿಮ್ಮ ಲಾಗ್‌ನ್ಯಾಗ ಬಂದದ್ದು 94.

ಬೇರುಮಟ್ಟ
ಅದ್ಭುತ. ಇದೇ ನೋಡಿ.

ಹರಿವುಗಾರ
ಅಬ್ಬಾ. ಅಂಕಿ ಇಷ್ಟು ಕರೆಕ್ಟಾಗಿ ಕೂರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಆದ್ರೆ ಎರಡು ವಿಷ್ಯ ಅರ್ಥ ಆಗ್ತಿಲ್ಲ. ಒಂದು, ಗ್ರಾಫಲ್ಲಿ ಶೇ 40 ಯಾಕೆ ತೋರ್ಸತ್ತೆ? ಎರಡು, ನಮ್ ಟ್ರಾಫಿಕ್ ಅಷ್ಟಿಲ್ಲ, 32 ಥ್ರೆಡ್ ಒಟ್ಟಿಗೆ ಓಡೋವಷ್ಟು ಕೆಲಸನೇ ಇಲ್ಲ. ಹಂಗಿದ್ದೂ ಕೋಟಾ ಯಾಕೆ ಖಾಲಿ ಆಗತ್ತೆ?

ಲಾಗ್_ಓದುಗಿ
ಮೊದಲನೇದು ಸುಲಭ. ಗ್ರಾಫ್ ತೋರ್ಸೋದು ಅರ್ಧ ನಿಮಿಷ ಒಂದು ನಿಮಿಷದ ಸರಾಸರಿ, ತೊಂದ್ರೆ ನಡೀತಿರೋದು 100 ಮಿಲಿಸೆಕೆಂಡ್ ಒಳಗೆ. ಒಂದು ನಿಮಿಷದಲ್ಲಿ ಅಂಥ 600 ಪೀರಿಯಡ್ ಇದಾವೆ. 150 ಪೀರಿಯಡಲ್ಲಿ ಪೂರ್ತಿ ಕೋಟಾ ಉರ್ದೋಗಿ, ಉಳಿದ 450ರಲ್ಲಿ ಶೇ 20 ಬಳಸಿದ್ರೂ ಸರಾಸರಿ ಶೇ 40ಕ್ಕೇ ಬಂದು ನಿಲ್ಲತ್ತೆ. ಹೊರಗಿಂದ ನೋಡೋರು ಸುಳ್ಳು ಹೇಳ್ತಿಲ್ಲ, ಅವ್ರ ಅಳತೆ ಕಡ್ಡಿ ದೊಡ್ಡದು ಅಷ್ಟೇ. ಅದಕ್ಕೇ ನಾನು ಯಾವಾಗ್ಲೂ ಹೇಳೋದು, ಕಂಟೇನರ್ ಆಗ್ಲಿ ಬೇರೆ ಯಾವ ವರ್ಚುವಲ್ ವಾತಾವರಣ ಆಗ್ಲಿ, ಆ್ಯಪ್ ನಿಂತಿರೋ ಜಾಗದಲ್ಲಿ ನಾವೂ ನಿಂತು ಅದಕ್ಕೆ ಏನು ಕಾಣತ್ತೋ ಅದನ್ನೇ ನೋಡ್ಬೇಕು.

ಬೇರುಮಟ್ಟ
ಎರಡನೇದಕ್ಕೆ ನಾನು ಹೇಳ್ತೀನಿ. ನಿಮ್ ಗೋ ಆವೃತ್ತಿ ಯಾವುದು? 1.25ಕ್ಕಿಂತ ಹಳೇದಾದ್ರೆ ಅದು ಸಿಗ್ರೂಪ್ ಲಿಮಿಟ್ ನೋಡೋದೇ ಇಲ್ಲ, ಮಷೀನಲ್ಲಿ 32 ಕೋರ್ ಕಾಣ್ತಾ, ಗೋಮ್ಯಾಕ್ಸ್‌ಪ್ರಾಕ್ಸ್ (ಗೋ ಕೋಡ್ ಒಟ್ಟಿಗೆ ಎಷ್ಟು ಥ್ರೆಡಲ್ಲಿ ಓಡ್ಬಹುದು ಅನ್ನೋ ಮಿತಿ) 32. ಈಗ ಗಾರ್ಬೇಜ್ ಕಲೆಕ್ಟರ್ (ಜಿಸಿ, ಬಳಸಿ ಬಿಟ್ಟ ಮೆಮೊರಿ ಗುಡಿಸೋದು) ಕಥೆ ಕೇಳಿ. ಜಿಸಿ ಶುರು ಆದಾಗ ಗೋಮ್ಯಾಕ್ಸ್‌ಪ್ರಾಕ್ಸ್‌ನ ಕಾಲು ಭಾಗ ಅದಕ್ಕೆ ಮೀಸಲು, ಅಂದ್ರೆ 8. ಅಷ್ಟಕ್ಕೇ ನಿಲ್ಲಲ್ಲ, ಕೆಲಸ ಇಲ್ದೆ ಖಾಲಿ ಕೂತಿರೋ ಉಳಿದ ಪ್ರೊಸೆಸರುಗಳನ್ನೂ ಬಳಕೇಲಿರೋ ಮೆಮೊರಿ ಗುರುತು ಹಾಕೋ ಕೆಲಸಕ್ಕೆ ಎಳ್ಕೊಳತ್ತೆ, ಖಾಲಿ ಇದೆಯಲ್ಲ ಬಳಸೋಣ ಅಂತ. ಅದರ ಲೆಕ್ಕದಲ್ಲಿ ಅದು ಬಿಟ್ಟಿ. ಕೋಟಾ ಲೆಕ್ಕದಲ್ಲಿ ಬಿಟ್ಟಿ ಅಲ್ಲ. ಹಂಗಾಗಿ ಟ್ರಾಫಿಕ್ ಕಮ್ಮಿ ಇದ್ರೂ ಪ್ರತಿ ಜಿಸಿ ಹೊತ್ತಲ್ಲಿ 32 ಥ್ರೆಡ್ ಎದ್ದು ಕೂರ್ತವೆ, ಆರು ಮಿಲಿಸೆಕೆಂಡಲ್ಲಿ ಕೋಟಾ ನೆಕ್ಕಿಬಿಡ್ತವೆ, ಆಗ ತೆರಿಗೆ ಲೆಕ್ಕದ ಮಧ್ಯ ಇದ್ದೋನು ಅಲ್ಲೇ ನಿಲ್ತಾನೆ. ಪಿಡಿಎಫ್ ಮಾಡೋ ಆ್ಯಪ್ ಅಂದ್ರಲ್ಲ, ಮೆಮೊರಿ ಸಿಕ್ಕಾಪಟ್ಟೆ ಹುಟ್ಟುಸತ್ತೆ, ಜಿಸಿ ಪದೇ ಪದೇ ಬರತ್ತೆ. ಹಳೇ ಮಷೀನಲ್ಲಿ ಎಂಟೇ ಕೋರ್ ಇತ್ತು, ಕೋಟಾ ಇರ್ಲಿಲ್ಲ, ಅದಕ್ಕೆ ಅಲ್ಲಿ ಕಾಣಿಸ್ಲಿಲ್ಲ.

ಗೋಮ್ಯಾಕ್ಸ್‌ಪ್ರಾಕ್ಸ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ಲಿಗೆ 2 ಕೊಟ್ಟು ಒಂದು ಪಾಡ್ ಮಾತ್ರ ಬಿಟ್ಟು ನೋಡಿ.

ಹರಿವುಗಾರ
ನಮ್ದು 1.22. ಈಗ್ಲೇ ಹಾಕ್ತೀನಿ.

ನೀಲಿಪರದೆ
ವಿಷ್ಯ ಸ್ವಲ್ಪ ಬೇರೆ, ಆದ್ರೆ "ಆ್ಯಪ್ ನಿಂತಿರೋ ಜಾಗದಲ್ಲಿ ನಿಂತು ನೋಡಿ" ಅಂದಿದ್ದಕ್ಕೆ ಕೇಳ್ತಿದೀನಿ. ನಮ್ದು ವಿಂಡೋಸ್, ಆಪ್-ವಿ (ಸಾಫ್ಟ್‌ವೇರನ್ನ ಮಷೀನಿಂದ ಪ್ರತ್ಯೇಕ ಇಟ್ಟು ಓಡ್ಸೋ ವ್ಯವಸ್ಥೆ) ಪ್ಯಾಕೇಜ್. ಒಂದು ಹಳೇ ಅಕೌಂಟ್ಸ್ ಸಾಫ್ಟ್‌ವೇರನ್ನ ವರ್ಚುವಲ್ ಪ್ಯಾಕೇಜ್ ಮಾಡಿದಾರೆ. ಮಷೀನಲ್ಲಿ ಓಡಿಬಿಸಿ (ಡೇಟಾಬೇಸ್) ಕನೆಕ್ಷನ್ ಮಾಡಿಟ್ಟಿದೀನಿ, ಟೆಸ್ಟ್ ಒತ್ತಿದ್ರೆ ಪಾಸ್ ಆಗತ್ತೆ, ರೆಜಿಸ್ಟ್ರೀಲೂ (ವಿಂಡೋಸ್ ಸೆಟ್ಟಿಂಗ್ ಇಡೋ ಜಾಗ) ಇದೆ, ಸಾಫ್ಟ್‌ವೇರ್ ಮಾತ್ರ ಅಂಥ ಹೆಸರೇ ಇಲ್ಲ ಅಂತ ಹೇಳತ್ತೆ. ಅಡ್ಮಿನ್ ಆಗಿ ಓಡ್ಸಿದ್ರೂ ಅಷ್ಟೇ.

ಲಾಗ್_ಓದುಗಿ
ಬೇರೆ ವಿಷ್ಯ ಅಲ್ಲ, ಅದೇ ಖಾಯಿಲೆ. ನೀವು ನೋಡ್ತಿರೋ ರೆಜಿಸ್ಟ್ರಿ ಮಷೀನಿನದ್ದು. ಪ್ಯಾಕೇಜ್ ಒಳಗೆ ತನ್ನದೇ ಒಂದು ರೆಜಿಸ್ಟ್ರಿ ಇರತ್ತೆ, ಕೆಲವು ಕೀಗಳು ಹೊರಗಿನ ಜೊತೆ ಬೆರೀತವೆ, ಕೆಲವು ಹೊರಗಿನದನ್ನ ಪೂರ್ತಿ ಮುಚ್ಚಿಬಿಡ್ತವೆ. ಸೀಕ್ವೆನ್ಸ್ (ಪ್ಯಾಕೇಜ್) ಮಾಡೋ ಹೊತ್ತಲ್ಲಿ ಆ ಮಷೀನಲ್ಲಿ ಓಡಿಬಿಸಿ ಕೀ ಮುಚ್ಚೋ ರೀತೀಲಿ ಸೇರ್ಕೊಂಡಿದ್ರೆ ನೀವು ಹೊರಗೆ ಏನು ಮಾಡಿದ್ರೂ ಒಳಗೆ ಕಾಣಲ್ಲ.

ಹೀಗೆ ಮಾಡಿ. ಪವರ್‌ಶೆಲ್‌ಲ್ಲಿ ಗೆಟ್-ಆಪ್‌ವಿ-ಕ್ಲೈಂಟ್-ಪ್ಯಾಕೇಜ್ ಓಡ್ಸಿ, ಪ್ಯಾಕೇಜ್ ಐಡಿ ಮತ್ತೆ ವರ್ಷನ್ ಐಡಿ ಎರಡೂ ತಗೊಳ್ಳಿ. ಆಮೇಲೆ ಸಿಎಂಡಿ ಶುರು ಮಾಡೋವಾಗ ಆಪ್‌ವಿವಿಇ ಅನ್ನೋ ಸ್ವಿಚ್ ಕೊಟ್ಟು, ಕೋಲನ್ ಹಾಕಿ, ಆ ಎರಡು ಐಡಿ ಅಂಡರ್‌ಸ್ಕೋರ್ ಇಟ್ಟು ಸೇರ್ಸಿ. ಆ ಕಪ್ಪು ಕಿಟಕಿ ಪ್ಯಾಕೇಜಿನ ಗುಳ್ಳೆ ಒಳಗೇ ತೆರ್ಕೊಳತ್ತೆ. ಅಲ್ಲಿಂದಲೇ ರೆಜ್‌ಎಡಿಟ್ ಬಿಡಿ, ಅಲ್ಲಿ ಓಡಿಬಿಸಿ ಕೀ ಕೆಳಗೆ ಏನಿದೆ ಅಂತ ನೋಡಿ. ಆ್ಯಪ್ ಈಗಾಗ್ಲೇ ಓಡ್ತಿದ್ರೆ ಆಪ್‌ವಿಪಿಐಡಿ ಸ್ವಿಚ್ಚಿಗೆ ಅದರ ಪ್ರೊಸೆಸ್ ನಂಬರ್ ಕೊಟ್ರೂ ಅದೇ ಗುಳ್ಳೆಗೆ ಹೋಗ್ಬಹುದು.

ಸಿಗ್ನಲ್_ಒಂಬತ್ತು
ಅದಕ್ಕೂ ಮೊದ್ಲು ಇನ್ನೊಂದು ನೋಡಿ ನೀಲಿಪರದೆ ಅವ್ರೇ. ಹಳೇ ಸಾಫ್ಟ್‌ವೇರ್ ಅಂದ್ರೆ 32 ಬಿಟ್ ಇರೋ ಸಾಧ್ಯತೆ ಜಾಸ್ತಿ. ವಿಂಡೋಸಲ್ಲಿ 32 ಬಿಟ್ ಮತ್ತು 64 ಬಿಟ್ ಸಿಸ್ಟಮ್ ಡಿಎಸ್‌ಎನ್ (ಓಡಿಬಿಸಿ ಕನೆಕ್ಷನ್ನಿನ ಹೆಸರು) ಬೇರೆ ಬೇರೆ. ನೀವು 64 ಬಿಟ್ ಕಿಟಕೀಲಿ ಮಾಡಿದ್ರೆ ವರ್ಚುವಲ್ ಇಲ್ದಿದ್ರೂ ಕಾಣಲ್ಲ. ಸಿಸ್‌ವಾವ್64 ಫೋಲ್ಡರಲ್ಲಿರೋ ಓಡಿಬಿಸಿ ಅಡ್ಮಿನ್ ತೆರೀರಿ, ವಿಚಿತ್ರ ಅನ್ಸಿದ್ರೂ 32 ಬಿಟ್‌ದು ಅದೇ.

ನೀಲಿಪರದೆ
32 ಬಿಟ್ ಕಡೇನೂ ಮಾಡಿದೀನಿ ಸರ್. ಗುಳ್ಳೆ ಒಳಗೆ ರೆಜ್‌ಎಡಿಟ್ ತೆರೆದೆ. ಓಡಿಬಿಸಿ ಕೀ ಇದೆ, ಒಳಗೆ ಖಾಲಿ! ಹೊರಗೆ ನೋಡಿದ್ರೆ ಮೂರು ಹೆಸರಿದೆ. ಪ್ಯಾಕೇಜ್ ಮಾಡಿದೋರಿಗೆ ಸ್ಕ್ರೀನ್‌ಶಾಟ್ ಕಳ್ಸಿದೀನಿ, ಆ ಕೀಯನ್ನ ಮರ್ಜ್ ಮಾಡಿ ಹೊಸ ಆವೃತ್ತಿ ಕೊಡ್ತಾರಂತೆ. ತುಂಬಾ ಥ್ಯಾಂಕ್ಸ್ ಮೇಡಂ.

ತಂತಿಜಾಲ
ನಂದೂ ಒಂದು ಸೇರಿಸ್ತೇನೆ ಮಾರಾಯ್ರೆ. ಒಳಗಿಂದ ನೋಡದೆ ಹೋದ್ರೆ ಸಿಕ್ಕುವುದೇ ಇಲ್ಲ ಎಂಬಂಥದ್ದು ನೆಟ್‌ವರ್ಕಿನಲ್ಲಿ ಉಂಟು. ಕನೆಕ್ಷನ್ ಆಗ್ತದೆ, ಲಾಗಿನ್ ಆಗ್ತದೆ, ಸಣ್ಣ ಉತ್ತರ ಎಲ್ಲ ಬರ್ತದೆ, ದೊಡ್ಡ ಫೈಲ್ ಕಳಿಸಿದ ಕೂಡ್ಲೇ ಸ್ತಬ್ಧ. ಎರರ್ ಸಹ ಇಲ್ಲ. ಇಂಥದ್ದು ಕಂಡ್ರೆ ಫೈರ್‌ವಾಲ್ ಬೈಯುವ ಮೊದಲು ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) ನೋಡಿ. ಹೊರಗಿನ ಜಾಲ 1500, ವಿಎಕ್ಸ್‌ಲ್ಯಾನ್ ಮೇಲೆ ಓಡುವ ಓವರ್‌ಲೇ (ಒಂದು ಜಾಲದ ಪ್ಯಾಕೆಟನ್ನು ಇನ್ನೊಂದರೊಳಗೆ ಸುತ್ತಿ ಕಳಿಸುವುದು) ಆದ್ರೆ 50 ಬೈಟ್ ಅದಕ್ಕೇ ಬೇಕು, ಒಳಗೆ 1450 ಇರಬೇಕು. ಕಂಟೇನರ್ ಇಂಟರ್‌ಫೇಸ್ 1500 ಎಂದೇ ಇದ್ರೆ ದೊಡ್ಡ ಪ್ಯಾಕೆಟ್ ದಾರಿಯಲ್ಲಿ ಬೀಳ್ತದೆ, "ಸಣ್ಣದು ಮಾಡು" ಎಂದು ಹೇಳುವ ಐಸಿಎಂಪಿ ಸಂದೇಶವನ್ನು ನಡುವೆ ಯಾರೋ ಬ್ಲಾಕ್ ಮಾಡಿರ್ತಾರೆ, ಕಳಿಸಿದವನಿಗೆ ಎಂತ ಆಯ್ತು ಎಂದೇ ಗೊತ್ತಾಗುವುದಿಲ್ಲ.

ಪರೀಕ್ಷೆ ಸುಲಭ ಉಂಟು. ಕಂಟೇನರಿನ ನೆಟ್‌ವರ್ಕ್ ಒಳಗಿಂದ, ತುಂಡು ಮಾಡಬೇಡ ಎಂಬ ಆಯ್ಕೆ ಕೊಟ್ಟು 1472 ಗಾತ್ರದ ಪಿಂಗ್ ಬಿಡಿ, ಆಮೇಲೆ 1422ದ್ದು ಬಿಡಿ. ಹೆಡರ್ 28 ಸೇರಿದ್ರೆ 1500 ಮತ್ತು 1450 ಆಗ್ತದೆ. ಎರಡನೆಯದ್ದು ಹೋಗಿ ಮೊದಲನೆಯದ್ದು ಹೋಗದಿದ್ರೆ ಬೇರೆ ಎಂತದೂ ಹುಡುಕುವುದು ಬೇಡ.

ಗುಬ್ಬಿಕೋಡ್
ವಿಪಿಎನ್ ಮೇಲೆ ಕೆಲಸ ಮಾಡೋವಾಗ ನನ್ ಲ್ಯಾಪ್‌ಟಾಪ್ ಡಾಕರಲ್ಲಿ ಇಮೇಜ್ ಬಿಲ್ಡ್ ಮಧ್ಯದಲ್ಲಿ ಡೌನ್‌ಲೋಡ್ ನಿಂತೋಗತ್ತೆ, ಬ್ರೌಸರಲ್ಲಿ ಅದೇ ಫೈಲ್ ಇಳಿಯತ್ತೆ. ಇದೇ ಇರ್ಬಹುದಾ?

ತಂತಿಜಾಲ
ಹೆಚ್ಚಾಗಿ ಅದೇ. ವಿಪಿಎನ್ ಇಂಟರ್‌ಫೇಸಿನ ಎಂಟಿಯು ಎಷ್ಟು ಎಂದು ನೋಡಿ, ಡಾಕರ್ ಬ್ರಿಡ್ಜಿನದ್ದು ಅದಕ್ಕಿಂತ ದೊಡ್ಡದುಂಟಾ ನೋಡಿ. ಡೀಮನ್ ಕಾನ್ಫಿಗ್ ಫೈಲಿನಲ್ಲಿ ಎಂಟಿಯು ಕಡಿಮೆ ಮಾಡ್ಲಿಕ್ಕೆ ಆಗ್ತದೆ. ಆದ್ರೆ ಅದು ಡೀಫಾಲ್ಟ್ ಬ್ರಿಡ್ಜಿಗೆ ಮಾತ್ರ, ಕಂಪೋಸ್ ತಾನಾಗಿ ಮಾಡುವ ನೆಟ್‌ವರ್ಕಿಗೆ ಅಲ್ಲಿಯೇ ಬೇರೆ ಹಾಕ್ಬೇಕು.

ಹರಿವುಗಾರ
ವಾಪಸ್ ಬಂದೆ. ಒಂದು ಪಾಡಿಗೆ ಮಾತ್ರ 2 ಅಂತ ಕೊಟ್ಟು ಬಿಟ್ಟಿದ್ದೆ. ಆ ಪಾಡಲ್ಲಿ ಥ್ರಾಟಲ್ಡ್ ಕೌಂಟರ್ ಹೆಚ್ಚುಕಮ್ಮಿ ಏರ್ತಾನೇ ಇಲ್ಲ, ನಿಧಾನದ ರಿಕ್ವೆಸ್ಟ್‌ಗಳು 40 ಮಿಲಿಸೆಕೆಂಡ್ ಒಳಗೇ ಇದಾವೆ. ಪಕ್ಕದ ಪಾಡುಗಳಲ್ಲಿ ಹಳೇ ಕಥೆನೇ. ಇನ್‌ಫ್ರಾದವ್ರ ಜೊತೆ ಕೂತು ಎರಡೂ ಸ್ಟ್ಯಾಟ್ ಫೈಲ್ ಪಕ್ಕಪಕ್ಕ ಇಟ್ಟು ನೋಡಿದ್ವಿ, ಅವ್ರೂ ಒಪ್ಕೊಂಡ್ರು. ಹಳೆಕರ್ನಲ್ ಸರ್, ಬೇರುಮಟ್ಟ, ಲಾಗ್_ಓದುಗಿ ಮೇಡಂ, ಮೂವರಿಗೂ ಮನಸ್ಸಿಂದ ಧನ್ಯವಾದ.

ಬೇರುಮಟ್ಟ
ಸಂತೋಷ. ಕೈಯಲ್ಲಿ 2 ಅಂತ ಬರೆದಿಡೋದು ಸದ್ಯಕ್ಕೆ ಸರಿ, ನಾಳೆ ಯಾರೋ ಲಿಮಿಟ್ಟನ್ನ 4 ಮಾಡಿ ಇದನ್ನ ಮರೀತಾರೆ. ಲಿಮಿಟ್ ಓದಿ ತಾನೇ ಹೊಂದಿಸ್ಕೊಳ್ಳೋ ಆಟೋಮ್ಯಾಕ್ಸ್‌ಪ್ರಾಕ್ಸ್ ಲೈಬ್ರರಿ ಇದೆ, ಇಲ್ಲಾ ಗೋ 1.25ಕ್ಕೆ ಹೋಗಿ. ಹೋಗೋವಾಗ ಗೋ ಡಾಟ್ ಮಾಡ್ ಫೈಲಲ್ಲೂ ಭಾಷೆಯ ಆವೃತ್ತಿ 1.25 ಮಾಡಿ, ಕಂಪೈಲರ್ ಮಾತ್ರ ಹೊಸದು ಹಾಕಿದ್ರೆ ಹಳೇ ನಡವಳಿಕೆನೇ ಉಳಿಯತ್ತೆ. ಜಾವಾದೋರಿಗೆ ಈ ತಲೆನೋವು 8ರ 191ನೇ ಅಪ್‌ಡೇಟ್ ಮತ್ತೆ ಜಾವಾ 10ರಿಂದಲೇ ಕಮ್ಮಿ ಆಗಿದೆ, ಅದಕ್ಕೂ ಹಳೇದು ಓಡ್ಸೋರು ಈಗ್ಲೂ ಇದಾರೆ.

ಸಿಗ್ನಲ್_ಒಂಬತ್ತು
ನಾನಾದ್ರೆ ಸಿಪಿಯು ಲಿಮಿಟ್ಟನ್ನೇ ತೆಗ್ದು ಹಾಕ್ತಿದ್ದೆ. ಸಿಪಿಯು ರಿಕ್ವೆಸ್ಟ್ (ಪಾಡಿಗೆ ಇಷ್ಟು ಬೇಕು ಅಂತ ಮೊದಲೇ ಹೇಳಿಡೋ ಪಾಲು) ಸರಿಯಾಗಿ ಕೊಟ್ರೆ ಸಾಕು, ನೋಡ್ ತುಂಬಿದಾಗ ಕರ್ನಲ್ ಆ ತೂಕ ನೋಡಿ ಹಂಚತ್ತೆ, ಖಾಲಿ ಇದ್ದಾಗ ಎಲ್ಲರೂ ಬಳಸ್ಲಿ. 32 ಕೋರ್ ಸುಮ್ನೆ ಬಿದ್ದಿರೋವಾಗ ಆ್ಯಪ್ಪನ್ನ ಕೈಕಟ್ಟಿ ನಿಲ್ಲಿಸೋದ್ರಲ್ಲಿ ಯಾವ ನ್ಯಾಯ?

ಹಳೆಕರ್ನಲ್
ಒಪ್ಪಂಗಿಲ್ರಿ. ಮೆಮೊರಿ ಹಂಗ ಸಿಪಿಯು ಬಿಟ್ರ ಯಾರನ್ನೂ ಕೊಲ್ಲಂಗಿಲ್ಲ, ಅದು ಖರೆ. ಆದ್ರ ಲಿಮಿಟ್ ಇಲ್ಲದ ಆ್ಯಪ್ ಇವತ್ತು ಖಾಲಿ ನೋಡ್‌ನ್ಯಾಗ ಓಡಿ ಎಲ್ಲಾರಿಗೂ "ಇಷ್ಟ ವೇಗ" ಅಂತ ರೂಢಿ ಮಾಡತೈತಿ, ನಾಳೆ ಪಕ್ಕಕ್ಕ ಇನ್ನೊಂದು ಟೀಮ್ ಬಂದ ದಿನ ನಿಧಾನ ಆಗತೈತಿ, ಆಗ ಯಾರೂ ಏನೂ ಬದಲಿ ಮಾಡಿಲ್ಲ, ಕಾರಣ ಹುಡುಕೂದು ಇದಕ್ಕಿಂತ ಕಷ್ಟ. ಮತ್ತ ಲಿಮಿಟ್ ತಗದ್ರೂ 32 ಜಿಸಿ ಥ್ರೆಡ್ ಏಳೂದು ತಪ್ಪಂಗಿಲ್ಲ, ಮಂದಿಯ ಸಿಪಿಯು ತಿಂತಾವ ಅಷ್ಟ.

ಸಿಗ್ನಲ್_ಒಂಬತ್ತು
ಥ್ರೆಡ್ ಸಂಖ್ಯೆ ಸರಿ ಮಾಡ್ಬೇಕು ಅನ್ನೋದಕ್ಕೆ ನಂದೂ ಸಹಮತ. ಲಿಮಿಟ್ ವಿಷ್ಯದಲ್ಲಿ, ಒಂದೇ ಸಂಸ್ಥೆಯ ಕ್ಲಸ್ಟರ್ ಆದ್ರೆ ತೆಗೀಬೇಕು ಅನ್ನೋದು ನನ್ ನಿಲುವು, ಬೇರೆ ಬೇರೆ ಗ್ರಾಹಕರು ಒಂದೇ ನೋಡಲ್ಲಿದ್ರೆ ಇಡ್ಲೇಬೇಕು.

ಹಳೆಕರ್ನಲ್
ಅಲ್ಲೀ ತನಕ ಬಂದ್ರಿ ಅಂದ್ರ ನಮ್ಮ ನಡುವ ಅಂತರ ಭಾಳ ಇಲ್ಲ ಬಿಡ್ರಿ. ಮತ್ತೊಂದು, ಕರ್ನಲ್ 5.4ಕ್ಕಿಂತ ಹಳೇದಿದ್ರ ಕೋಟಾ ಪೂರ್ತಿ ಬಳಸದಿದ್ರೂ ಥ್ರಾಟಲ್ ಆಗೋ ದೋಷ ಇತ್ತು. ಥ್ರೆಡ್ ಸಂಖ್ಯೆ ಸರಿ ಇದ್ದೂ ಕೌಂಟರ್ ಏರತಿದ್ರ ಮೊದಲು ಕರ್ನಲ್ ಆವೃತ್ತಿ ನೋಡ್ರಿ.

ಚಿಕ್ಕಇಮೇಜ್
ನಮ್ ಒಂದು ಪಾಡ್ 137 ಅನ್ನೋ ಎಕ್ಸಿಟ್ ಕೋಡ್ ಹೇಳಿ ಸಾಯತ್ತೆ. ಮೆಮೊರಿ ಸಾಲ್ತಿಲ್ಲ ಅಂತ ಲಿಮಿಟ್ ಏರಿಸ್ತಾನೇ ಇದೀವಿ, ನಿಲ್ತಾ ಇಲ್ಲ.

ಗುಬ್ಬಿಕೋಡ್
137 ಅಂದ್ರೆ ಮೆಮೊರಿನೇ, ಇನ್ನೂ ಏರ್ಸಿ.

ಸಿಗ್ನಲ್_ಒಂಬತ್ತು
ಇಲ್ಲ, 137 ಅಂದ್ರೆ 128ಕ್ಕೆ 9 ಕೂಡ್ಸಿದ್ದು, ಅಂದ್ರೆ ಸಿಗ್‌ಕಿಲ್ (ಬಲವಂತವಾಗಿ ಕೊಲ್ಲೋ ಸಿಗ್ನಲ್) ಬಂತು ಅಂತ ಮಾತ್ರ. ಕೊಂದಿದ್ದು ಯಾರು ಅಂತ ಅದು ಹೇಳಲ್ಲ. ಮೆಮೊರಿ ಮೀರಿದ್ರೆ ಕರ್ನಲ್ ಕೊಲ್ಲತ್ತೆ, ಆಗ ಪಾಡ್ ವಿವರದಲ್ಲಿ ಓಓಎಂಕಿಲ್ಡ್ ಅಂತ ಕಾರಣ ಬರತ್ತೆ. ಅದು ಇಲ್ದೆ ಬರೀ ಎರರ್ ಅಂತ ಇದ್ರೆ ಬೇರೆ ಯಾರೋ ಕೊಂದಿದಾರೆ. ಲೈವ್‌ನೆಸ್ ಪ್ರೋಬ್ (ಆ್ಯಪ್ ಬದುಕಿದೆಯಾ ಅಂತ ಆಗಾಗ ನೋಡೋ ಪರೀಕ್ಷೆ) ಫೇಲ್ ಆಗಿ ಕ್ಯೂಬ್‌ಲೆಟ್ (ನೋಡ್ ಮೇಲೆ ಪಾಡ್ ನೋಡ್ಕೊಳ್ಳೋ ಪ್ರೋಗ್ರಾಂ) ನಿಲ್ಲಿಸೋಕೆ ಹೇಳಿರತ್ತೆ, ಆ್ಯಪ್ ಮಾತು ಕೇಳಿರಲ್ಲ, 30 ಸೆಕೆಂಡ್ ಕಾದು ಸಿಗ್‌ಕಿಲ್ ಹೊಡ್ದಿರತ್ತೆ. ಬರೀ ಡಾಕರ್ ಸ್ಟಾಪ್ ಆದ್ರೆ ಮಾಮೂಲಿ 10 ಸೆಕೆಂಡ್. ನಿಮ್ದು ಯಾವ್ದು ಅಂತ ಈವೆಂಟ್ಸ್ ನೋಡಿ ಹೇಳಿ.

ಚಿಕ್ಕಇಮೇಜ್
ಓಓಎಂ ಅಂತ ಇಲ್ಲ! ಲೈವ್‌ನೆಸ್ ಫೇಲ್ಡ್ ಅಂತ ಇದೆ, ಅದರ ಕೆಳಗೆ ಕಿಲ್ಲಿಂಗ್.

ಸಿಗ್ನಲ್_ಒಂಬತ್ತು
ಹಂಗಾದ್ರೆ ಎರಡು ಪ್ರಶ್ನೆ ಇದಾವೆ. ಪ್ರೋಬ್ ಯಾಕೆ ಫೇಲ್ ಆಯ್ತು ಅನ್ನೋದು ಒಂದು, ಮೇಲೆ ಚರ್ಚೆ ಆದ ಥ್ರಾಟಲ್ಲೇ ಇರ್ಬಹುದು, ಪ್ರೋಬ್ ಟೈಮ್‌ಔಟ್ ಡೀಫಾಲ್ಟ್ 1 ಸೆಕೆಂಡ್ ಅಷ್ಟೇ. ನಿಲ್ಲು ಅಂದಾಗ ಆ್ಯಪ್ ಯಾಕೆ ನಿಲ್ಲಲಿಲ್ಲ ಅನ್ನೋದು ಎರಡನೇದು. ಡಾಕರ್‌ಫೈಲಲ್ಲಿ ಸಿಎಂಡಿ ಸಾಲು ಚೌಕ ಆವರಣದ ಪಟ್ಟಿ ರೂಪದಲ್ಲಿ ಇದೆಯಾ, ಅಥ್ವಾ ಸುಮ್ನೆ ವಾಕ್ಯದ ಥರ ಇದೆಯಾ? ವಾಕ್ಯದ ಥರ ಇದ್ರೆ ಒಂದನೇ ನಂಬರ್ ಪ್ರೊಸೆಸ್ ಆಗಿ ಶೆಲ್ ಕೂರತ್ತೆ, ಸಿಗ್‌ಟರ್ಮ್ (ನಿಲ್ಲು ಅನ್ನೋ ಸಿಗ್ನಲ್) ಅದಕ್ಕೆ ಬರತ್ತೆ, ಸಾಮಾನ್ಯವಾಗಿ ಅದು ಮಗುವಿಗೆ (ತಾನು ಶುರು ಮಾಡಿದ ಆ್ಯಪಿಗೆ) ದಾಟಿಸಲ್ಲ. ಪಟ್ಟಿ ರೂಪದಲ್ಲಿದ್ರೂ, ಒಂದನೇ ನಂಬರ್ ಪ್ರೊಸೆಸ್ಸಿಗೆ ಕರ್ನಲ್ ಡೀಫಾಲ್ಟ್ ಸಾವು ಕೊಡಲ್ಲ, ಆ್ಯಪ್ ಸ್ವಂತ ಹ್ಯಾಂಡ್ಲರ್ ಬರೆದಿಲ್ಲ ಅಂದ್ರೆ ಸಿಗ್‌ಟರ್ಮ್ ಗಾಳಿಗೆ ಹೋಗತ್ತೆ.

ಚಿಕ್ಕಇಮೇಜ್
ಡಿಸ್ಟ್ರೋಲೆಸ್ ಅಲ್ವಾ, ಶೆಲ್ ಇಲ್ಲ, ಪಟ್ಟಿ ರೂಪದಲ್ಲೇ ಇದೆ. ನೋಡ್ ಜೆಎಸ್ ಆ್ಯಪ್ಪು, ಸಿಗ್‌ಟರ್ಮ್ ಹ್ಯಾಂಡ್ಲರ್ ಇಲ್ಲ ಅಂತ ಈಗ ಕೋಡ್ ನೋಡಿ ಖಾತ್ರಿ ಆಯ್ತು.

ಸಿಗ್ನಲ್_ಒಂಬತ್ತು
ಹ್ಯಾಂಡ್ಲರ್ ಬರೀರಿ, ಅದರಲ್ಲಿ ಹೊಸ ಕನೆಕ್ಷನ್ ತಗೊಳ್ಳೋದು ನಿಲ್ಸಿ, ಕೈಲಿರೋ ರಿಕ್ವೆಸ್ಟ್ ಮುಗ್ಸಿ ಆಚೆ ಬನ್ನಿ. ಬರೆಯೋಕೆ ಆಗದೇ ಇರೋ ಹೊರಗಿನ ಆ್ಯಪ್ ಆದ್ರೆ ಟೈನಿ ಅಂತ ಪುಟ್ಟ ಇನಿಟ್ ಪ್ರೋಗ್ರಾಂ ಇದೆ, ಅದನ್ನ ಒಂದನೇ ನಂಬರಲ್ಲಿ ಕೂರ್ಸಿ. ಮೆಮೊರಿ ಲಿಮಿಟ್ ಹಳೇ ಜಾಗಕ್ಕೆ ಇಳ್ಸಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಲಾಗ್_ಓದುಗಿ
@ಹರಿವುಗಾರ ಅಲರ್ಟ್ ಒಂದು ಹಾಕ್ಕೊಳ್ಳಿ. ಪ್ರೊಮೀಥಿಯಸ್ (ಅಳತೆಗಳನ್ನ ಕೂಡಿಡೋ ಟೂಲ್) ಇದ್ರೆ ಸಿಎಫ್‌ಎಸ್ ಥ್ರಾಟಲ್ಡ್ ಪೀರಿಯಡ್ಸ್ ಟೋಟಲ್ ಅಂತ ಒಂದು ಮೆಟ್ರಿಕ್, ಸಿಎಫ್‌ಎಸ್ ಪೀರಿಯಡ್ಸ್ ಟೋಟಲ್ ಅಂತ ಇನ್ನೊಂದು, ಎರಡೂ ಕಂಟೇನರ್ ಸಿಪಿಯು ಅನ್ನೋ ಪದದಿಂದ ಶುರು ಆಗ್ತವೆ. ಐದು ನಿಮಿಷದ ಏರಿಕೆ ತಗೊಂಡು ಮೊದಲನೇದನ್ನ ಎರಡನೇದ್ರಿಂದ ಭಾಗಿಸಿ. ಶೇಕಡಾವಾರು ಸಿಪಿಯು ಗ್ರಾಫಿನ ಪಕ್ಕದಲ್ಲೇ ಇದನ್ನೂ ಇಡಿ.

ಹರಿವುಗಾರ
ಎಷ್ಟು ದಾಟಿದ್ರೆ ಕೂಗ್ಬೇಕು?

ಲಾಗ್_ಓದುಗಿ
ರಿಕ್ವೆಸ್ಟಿಗೆ ಉತ್ತರ ಕೊಡೋ ಸರ್ವಿಸ್ ಆದ್ರೆ ನಾನು ಶೇ 5 ಇಡ್ತೀನಿ. ರಾತ್ರಿ ಓಡೋ ಬ್ಯಾಚ್ ಕೆಲಸಕ್ಕೆ ಈ ಅಲರ್ಟ್ ಹಾಕೋದೇ ಇಲ್ಲ, ಅದು ಕೋಟಾ ತುಂಬಾ ಬಳಸ್ಲಿ ಅಂತಲೇ ಬಿಟ್ಟಿರೋದು.